ಈ ಕಾಲುಸಂಕಕ್ಕೆ ಎಷ್ಟು ಮಾರ್ಕ್ಸು?

2021 ಮತ್ತು 2022ರ ಸ್ಕೀಮುಗಳಲ್ಲಿ ವಿಟಿಯು ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ಒಂದು ವಿಷಯ ಇಟ್ಟಿತು. ಹೆಸರು 'ಇನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್'. ಒಂದು ಕ್ರೆಡಿಟ್ಟು. ಹೆಸರು ಕೇಳಿದ್ರೇ ಖುಷಿಯಾಗುತ್ತೆ ಅಲ್ವಾ? ಅಂತೂ ಇಂತೂ ಮಕ್ಕಳು ಸೂತ್ರ ಉರು ಹೊಡೆಯೋದು ಬಿಟ್ಟು ಏನಾದ್ರೂ ಕಟ್ಟೋದನ್ನ ಕಲೀತಾರೆ ಅಂತ. ಇರಿ, ಇರಿ... ಪರೀಕ್ಷೆ ಹೇಗಿತ್ತು ಅಂತ ಕೇಳಿ. ಸೆಮಿಸ್ಟರ್ ಕೊನೆಗೆ ಒಂದು ಗಂಟೆ, 50 ಪ್ರಶ್ನೆ, ಪ್ರತಿಯೊಂದಕ್ಕೂ ಆಯ್ಕೆಗಳು, ಸರಿಯಾದ್ದಕ್ಕೆ ಗುರುತು ಹಾಕೋದು. ಅಂದ್ರೆ 'ಹೊಸದಾಗಿ ಯೋಚಿಸು' ಅಂತ ಹೇಳಿಕೊಡೋ ವಿಷಯಕ್ಕೆ, 'ಬೇರೆಯವರು ಯೋಚಿಸಿಟ್ಟಿದ್ದರಲ್ಲಿ ಒಂದನ್ನ ಆರಿಸು' ಅನ್ನೋ ಪರೀಕ್ಷೆ! ಲೆಕ್ಕ ಹಾಕಿದ್ರೆ ಒಂದು ಯೋಚನೆಗೆ 72 ಸೆಕೆಂಡು.

ವಿಟಿಯುವನ್ನ ಬೈಯೋದಕ್ಕೆ ಇದನ್ನ ಬರೀತಾ ಇಲ್ಲ. ಬೈಯೋದಕ್ಕೆ ಬೇಕಾದಷ್ಟು ಜನ ಇದ್ದಾರೆ, ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದವರ ಕುಲಕಸುಬೇ ಅದು :) ನನ್ನನ್ನ ಕಾಡ್ತಾ ಇರೋ ಪ್ರಶ್ನೆ ಬೇರೆ. ಒಬ್ಬ ವಿದ್ಯಾರ್ಥಿಗೆ ಡಿಸೈನ್ ಮಾಡೋದಕ್ಕೆ ಬರುತ್ತೋ ಇಲ್ಲವೋ ಅಂತ ಕಂಡುಹಿಡಿಯೋದು ಹೇಗೆ? ಗಣಿತ ಬರುತ್ತಾ ಅಂತ ನೋಡೋದಕ್ಕೆ ಒಂದು ಲೆಕ್ಕ ಕೊಟ್ಟರೆ ಆಯ್ತು. ಡಿಸೈನಿಗೆ ಏನು ಕೊಡಬೇಕು? ಕೊಟ್ಟಮೇಲೆ ಏನನ್ನ ನೋಡಿ ಮಾರ್ಕ್ಸ್ ಹಾಕಬೇಕು?

ನನ್ನ ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ, ಒಪ್ಪದವರು ಜಗಳಕ್ಕೆ ತಯಾರಾಗಬಹುದು. ನೋಡಬೇಕಾದ್ದು ಮೂರು. ಕೆಲಸ ಶುರುಮಾಡೋ ಮೊದಲು ಆ ಹುಡುಗ ಅಥವಾ ಹುಡುಗಿ ಏನೇನು ಪ್ರಶ್ನೆ ಕೇಳಿದ್ರು, ಯಾವ ಯಾವ ದಾರಿ ಬಿಟ್ಟು ಯಾವುದನ್ನ ಹಿಡಿದ್ರು, ಹಾಗೆ ಮಾಡಿದ್ದಕ್ಕೆ ಏನು ಕಾರಣ ಕೊಟ್ಟರು. ಈಗ ನಾವು ಈ ಮೂರನ್ನೂ ಬಿಟ್ಟು ಉಳಿದಿದ್ದನ್ನೆಲ್ಲ ಅಳೀತಾ ಇದ್ದೀವಿ.

ಮೆಕ್ಯಾನಿಕಲ್ ಓದಿದವರಿಗೆ 'ಡಿಸೈನ್ ಆಫ್ ಮೆಷಿನ್ ಎಲಿಮೆಂಟ್ಸ್' ಅನ್ನೋ ಪೇಪರ್ ನೆನಪಿರಬೇಕು. ಪರೀಕ್ಷೆಗೆ ಡೇಟಾ ಹ್ಯಾಂಡ್‌ಬುಕ್ ತಗೊಂಡು ಹೋಗಬಹುದು. ಲಿಂಗಯ್ಯ ಅವರದ್ದೋ, ಮಹದೇವನ್ ಮತ್ತು ಬಾಲವೀರ ರೆಡ್ಡಿ ಅವರದ್ದೋ. ನಾನು ಕಂಪ್ಯೂಟರ್ ಸೈನ್ಸ್, ಆದ್ರೆ ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ಮೆಕ್ಯಾನಿಕಲ್. ಆ ದಪ್ಪ ಪುಸ್ತಕ ನಮ್ಮ ರೂಮಿನಲ್ಲಿ ಓದೋದಕ್ಕೂ ಆಗ್ತಿತ್ತು, ಬಾಗಿಲು ಬಡಕೊಳ್ಳದ ಹಾಗೆ ಒತ್ತಿಡೋದಕ್ಕೂ ಆಗ್ತಿತ್ತು. ಆ ಪೇಪರಿನ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತೆ: ಇಷ್ಟು ಕಿಲೋನ್ಯೂಟನ್ ಭಾರ ಹೊರೋ ಒಂದು ಕಾಟರ್ ಜಾಯಿಂಟ್ ಡಿಸೈನ್ ಮಾಡು, ಉಕ್ಕು ಇಂಥದ್ದು, ಅದು ತಡೆಯೋ ಒತ್ತಡ ಇಷ್ಟು, ಫ್ಯಾಕ್ಟರ್ ಆಫ್ ಸೇಫ್ಟಿ ಇಷ್ಟು.

ಈಗ ಯೋಚನೆ ಮಾಡಿ. ಭಾರ ಎಷ್ಟು ಅಂತ ಪ್ರಶ್ನೆಪತ್ರಿಕೆ ಮಾಡಿದ ಮೇಷ್ಟ್ರು ನಿರ್ಧಾರ ಮಾಡಿದ್ರು. ಕಾಟರ್ ಜಾಯಿಂಟೇ ಸಾಕು ಅಂತ ಅವರೇ ನಿರ್ಧಾರ ಮಾಡಿದ್ರು. ಯಾವ ಲೋಹ, ಎಷ್ಟು ಸುರಕ್ಷತೆ, ಅದೂ ಅವರೇ. ಡಿಸೈನ್ ಅನ್ನೋದೆಲ್ಲ ಪ್ರಶ್ನೆಪತ್ರಿಕೆ ಮಾಡಿದವರ ಮನೆಯಲ್ಲೇ ಮುಗಿದುಹೋಗಿದೆ! ವಿದ್ಯಾರ್ಥಿಗೆ ಉಳಿದಿದ್ದು ಸೂತ್ರಕ್ಕೆ ಸಂಖ್ಯೆ ತುಂಬೋದು. ಅದೂ ಬೇಕು, ಲೆಕ್ಕ ತಪ್ಪಿದ್ರೆ ಮೇಲೆ ನಿಂತವರು ಕೆಳಗೆ ಬೀಳ್ತಾರೆ. ಆದ್ರೆ ಅದನ್ನ ಲೆಕ್ಕ ಅಂತ ಕರೆಯೋಣ.

ನಮ್ಮ ಕಡೆಯ ಒಂದು ಉದಾಹರಣೆ ತಗೊಳ್ಳಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನಲ್ಲಿ ತಿರುಗಿದವರಿಗೆ ಕಾಲುಸಂಕ ಅಂದ್ರೆ ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯವರಿಗೆ ಹೇಳ್ತೀನಿ: ಹಳ್ಳ ದಾಟೋದಕ್ಕೆ ಅಡಿಕೆ ಮರದ ದಬ್ಬೆಯನ್ನೋ, ಕಾಡುಮರದ ದಿಮ್ಮಿಯನ್ನೋ ಅಡ್ಡ ಹಾಕಿ, ಕೈ ಹಿಡಿಯೋದಕ್ಕೆ ಒಂದು ಬಿದಿರೋ ಹಗ್ಗವೋ ಕಟ್ಟಿರೋ ಪುಟ್ಟ ಸೇತುವೆ. ಮಳೆಗಾಲದಲ್ಲಿ ಕೆಲವು ಮನೆಗಳಿಗೆ ಶಾಲೆ, ಡೈರಿ, ಆಸ್ಪತ್ರೆ ಎಲ್ಲದಕ್ಕೂ ಅದೇ ದಾರಿ.

ಸಿವಿಲ್ ಓದೋ ಹುಡುಗರಿಗೆ ಹೀಗೊಂದು ಪ್ರಶ್ನೆ ಕೊಡಿ: 'ಹೊಸನಗರ ತಾಲೂಕಿನ ಒಂದು ಹಳ್ಳಕ್ಕೆ ಕಾಲುಸಂಕ ಬೇಕು. ಡಿಸೈನ್ ಮಾಡು.' ಅಷ್ಟೇ. ಒಂದು ಸಂಖ್ಯೆಯನ್ನೂ ಕೊಡಬೇಡಿ. ಆಮೇಲೆ ಅವರು ಏನು ಮಾಡ್ತಾರೆ ನೋಡ್ತಾ ಕೂತ್ಕೊಳ್ಳಿ.

ಒಬ್ಬ ಕೂಡಲೇ ಬೀಮ್ ಚಿತ್ರ ಬರೆದು ಬೆಂಡಿಂಗ್ ಮೊಮೆಂಟ್ ಶುರುಮಾಡ್ತಾನೆ. ಇನ್ನೊಬ್ಬಳು ಕೇಳ್ತಾಳೆ: ಆ ಹಳ್ಳದಲ್ಲಿ ಆಷಾಢದಲ್ಲಿ ನೀರು ಎಲ್ಲಿವರೆಗೆ ಏರುತ್ತೆ? ಅಕ್ಕಪಕ್ಕದ ಮರದ ಮೇಲೆ ಕಸ ಸಿಕ್ಕಿಹಾಕಿಕೊಂಡಿರೋ ಗುರುತು ಇದೆಯಾ? ಒಟ್ಟಿಗೆ ಎಷ್ಟು ಜನ ದಾಟ್ತಾರೆ? ಶಾಲೆ ಬಿಟ್ಟಾಗ ಮಕ್ಕಳು ಓಡಿಕೊಂಡು ಬರ್ತಾರಾ? ತಲೆ ಮೇಲೆ ಸೊಪ್ಪಿನ ಹೊರೆ ಇರುತ್ತಾ? ಹೊರೆ ಇದ್ರೆ ಕೈಪಿಡಿ ಹಿಡಿಯೋದು ಹೇಗೆ? ಕಾಯಿಲೆಯವರನ್ನ ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ಹೋಗಬೇಕಾದ್ರೆ ಅಗಲ ಸಾಕಾ? ಪಾಚಿ ಕಟ್ಟಿ ಜಾರುತ್ತಲ್ಲ, ಅದಕ್ಕೇನು? ಸಿಮೆಂಟು, ಕಂಬಿ ತರೋದಕ್ಕೆ ಅಲ್ಲಿಗೆ ಗಾಡಿ ಹೋಗುತ್ತಾ? ಕೆಟ್ಟರೆ ರಿಪೇರಿ ಮಾಡೋರು ಯಾರು?

ಎರಡನೆಯವಳು ಇನ್ನೂ ಒಂದು ಗೆರೆಯನ್ನೂ ಎಳೆದಿಲ್ಲ. ಆದ್ರೆ ಡಿಸೈನ್ ಶುರುಮಾಡಿದ್ದು ಅವಳು. ಇವತ್ತಿನ ಪರೀಕ್ಷೆಯಲ್ಲಿ ಮೊದಲನೆಯವನಿಗೆ 20ಕ್ಕೆ 16 ಸಿಗಬಹುದು, ಇವಳಿಗೆ ಸೊನ್ನೆ.

ಇದು ನನ್ನ ಅಂದಾಜು ಮಾತ್ರ ಅಂದ್ಕೋಬೇಡಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಂಥಿಯಾ ಆಟ್ಮನ್ ಅನ್ನೋ ಪ್ರೊಫೆಸರ್ ಮತ್ತು ಸಂಗಡಿಗರು ಇದನ್ನ ವರ್ಷಾನುಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮೊದಲ ವರ್ಷದ ವಿದ್ಯಾರ್ಥಿಗಳು, ಕೊನೆಯ ವರ್ಷದವರು, ಅನುಭವಸ್ಥ ಇಂಜಿನಿಯರುಗಳು, ಎಲ್ಲರಿಗೂ ಒಂದೇ ಕೆಲಸ: ಮಕ್ಕಳ ಆಟದ ಮೈದಾನವೊಂದನ್ನ ಡಿಸೈನ್ ಮಾಡಿ, ಮೂರು ಗಂಟೆ ಟೈಮು. ಯೋಚನೆ ಮಾಡ್ತಾ ಮಾಡ್ತಾ ಅದನ್ನ ಬಾಯಿಬಿಟ್ಟು ಹೇಳ್ತಾ ಹೋಗಬೇಕು. ಏನಾದ್ರೂ ಮಾಹಿತಿ ಬೇಕಾದ್ರೆ ಕೇಳಬಹುದು. ಕೇಳದಿದ್ರೆ ತಾವಾಗಿ ಕೊಡೋದಿಲ್ಲ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅನುಭವಸ್ಥರು ಎದ್ದು ಕಂಡಿದ್ದು ಎಲ್ಲಿ ಗೊತ್ತಾ? ಸಮಸ್ಯೆ ಏನು ಅಂತ ಅರ್ಥಮಾಡಿಕೊಳ್ಳೋದಕ್ಕೆ ಅವರು ವಿದ್ಯಾರ್ಥಿಗಳಿಗಿಂತ ಹೆಚ್ಚು ಹೊತ್ತು ತಗೊಂಡ್ರು. ಹೆಚ್ಚು ಮಾಹಿತಿ ಕೇಳಿದ್ರು, ಹೆಚ್ಚು ಬಗೆಯ ಮಾಹಿತಿ ಕೇಳಿದ್ರು. ಅಂದ್ರೆ ಡಿಸೈನ್ ಬರುತ್ತೋ ಇಲ್ಲವೋ ಅನ್ನೋದು ಕೇಳೋ ಪ್ರಶ್ನೆಗಳಲ್ಲೇ ಕಾಣುತ್ತೆ, ಅದನ್ನ ಎಣಿಸಬಹುದು, ಅಳೀಬಹುದು. ಮೇಷ್ಟ್ರುಗಳಿಗೆ ಇದೊಂದು ಒಳ್ಳೆ ಸುದ್ದಿ.

ಅಡಿಕೆ ವಿಷಯಕ್ಕೆ ಬರದೇ ಇದ್ರೆ ನಮ್ಮೂರವರು ನನ್ನನ್ನ ಒಳಗೆ ಸೇರಿಸೋದಿಲ್ಲ. ಅಡಿಕೆ ಸುಲಿಯೋ ಮೆಷಿನ್ನು ಇಂಜಿನಿಯರಿಂಗ್ ಕಾಲೇಜುಗಳ ಅಚ್ಚುಮೆಚ್ಚಿನ ಫೈನಲ್ ಇಯರ್ ಪ್ರಾಜೆಕ್ಟು. ಶಿವಮೊಗ್ಗ, ಮಂಗಳೂರು, ಪುತ್ತೂರು ಕಡೆಯ ಯಾವ ಪ್ರದರ್ಶನಕ್ಕೆ ಹೋದ್ರೂ ಒಂದು ಇದ್ದೇ ಇರುತ್ತೆ. ಅಂಥ ಹುಡುಗರ ಎದುರು ನಿಂತು ನಾನು ಕೇಳೋ ಮೊದಲ ಪ್ರಶ್ನೆ: 'ಹಸಿ ಅಡಿಕೆಗೋ, ಒಣ ಅಡಿಕೆಗೋ?' ಕೆಲವರ ಮುಖ ನೋಡಬೇಕು!

ಕೆಂಪಡಿಕೆ ಮಾಡೋರು ಎಳೆಯ ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆ ಇದೇ ಹೆಚ್ಚು. ಚಾಲಿ ಮಾಡೋರು ಹಣ್ಣಾದ ಅಡಿಕೆಯನ್ನ ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲೀತಾರೆ. ಸಾಗರದ ಪೇಟೆಯಲ್ಲಿ ಎರಡೂ ಸಿಗುತ್ತೆ. ಹಸಿಯ ಸಿಪ್ಪೆ ಅಡಿಕೆಗೆ ಅಂಟಿಕೊಂಡಿರುತ್ತೆ, ಒಳಗಿನ ಅಡಿಕೆ ಮೆತ್ತಗಿರುತ್ತೆ, ಬ್ಲೇಡು ಸ್ವಲ್ಪ ಆಳ ಹೋದ್ರೂ ಪೆಟ್ಟಾಗುತ್ತೆ. ಒಣಗಿದ್ದು ಒಳಗೆ ಗಡಗಡ ಅನ್ನುತ್ತೆ, ಗಟ್ಟಿ. ಎರಡಕ್ಕೂ ಬೇಕಾದ ಯಂತ್ರವೇ ಬೇರೆ ಬೇರೆ. ಅದೂ ಅಲ್ಲದೆ ಒಂದೇ ಗೊನೆಯ ಅಡಿಕೆ ಒಂದೇ ಗಾತ್ರ ಇರೋದಿಲ್ಲ. ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋ ಹೆಂಗಸರು ಇದನ್ನೆಲ್ಲ ಬೆರಳಲ್ಲೇ ಲೆಕ್ಕ ಹಾಕ್ತಾರೆ. ಯಂತ್ರ ಜೋರಾಗಿ ಓಡಿದಷ್ಟೂ ಪೆಟ್ಟಾದ ಅಡಿಕೆ ಜಾಸ್ತಿ, ಪೆಟ್ಟಾದ್ರೆ ದರ ಕಡಿಮೆ. ಹಾಗಾದ್ರೆ ಎಷ್ಟು ವೇಗ ಸಾಕು? ಇದಕ್ಕೆ ಹ್ಯಾಂಡ್‌ಬುಕ್ಕಿನಲ್ಲಿ ಟೇಬಲ್ ಇಲ್ಲ. ಒಂದು ಆಯ್ಕೆ ಮಾಡಬೇಕು, ಅದಕ್ಕೆ ಕಾರಣ ಹೇಳಬೇಕು. ನಾನು ಮಾರ್ಕ್ಸ್ ಕೊಡೋದಾದ್ರೆ ಆ ಕಾರಣಕ್ಕೇ ಕೊಡ್ತೀನಿ.

ಇನ್ನೊಂದು ಉದಾಹರಣೆ. ಮರ ಹತ್ತೋ ಕೊನೆಗಾರರು ಸಿಗ್ತಾ ಇಲ್ಲ ಅನ್ನೋದು ಎಷ್ಟೋ ವರ್ಷದ ಗೋಳು. ಮರ ಹತ್ತೋ ಯಂತ್ರ ಮಾಡೋದಕ್ಕೆ ತುಂಬಾ ಜನ ತಲೆ ಕೆಡಿಸಿಕೊಂಡ್ರು. ಬಂಟ್ವಾಳ ಕಡೆಯ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಹತ್ತೋ ಬೈಕಿನ ವಿಡಿಯೋ 2019ರಲ್ಲಿ ಎಲ್ಲರ ಫೋನಿಗೂ ಬಂದಿತ್ತು, ನೋಡಿರ್ತೀರಿ. ಅಷ್ಟರೊಳಗೆ ಇನ್ನೊಂದು ದಿಕ್ಕಿನಲ್ಲಿ ಯೋಚಿಸಿದವರೂ ಇದ್ದರು: ಮನುಷ್ಯ ಮೇಲೆ ಹೋಗಲೇಬೇಕಾ? ನೆಲದಲ್ಲೇ ನಿಂತು ಕೊನೆ ಕೊಯ್ಯೋ, ಔಷಧಿ ಹೊಡೆಯೋ ಉದ್ದನೆಯ ದೋಟಿ ಹಗುರವಾಗಿದ್ರೆ ಸಾಕಲ್ಲ? ಅದರಿಂದ ಬಂದಿದ್ದು ಇವತ್ತು ಮಲೆನಾಡಿನ ತೋಟಗಳಲ್ಲಿ ಕಾಣೋ ಕಾರ್ಬನ್ ಫೈಬರ್ ದೋಟಿ. ಎರಡೂ ಒಳ್ಳೆಯ ಡಿಸೈನೇ, ನಾನು ಒಂದನ್ನ ಗೆಲ್ಲಿಸ್ತಾ ಇಲ್ಲ. ಆದ್ರೆ 'ಮರ ಹತ್ತೋ ಯಂತ್ರ ಡಿಸೈನ್ ಮಾಡು' ಅಂತ ಪ್ರಶ್ನೆಪತ್ರಿಕೆಯಲ್ಲಿ ಬರೆದ ಕ್ಷಣವೇ ದೋಟಿಯ ಯೋಚನೆ ಸತ್ತುಹೋಗುತ್ತೆ. ಅದೇ 'ಅರವತ್ತು ಅಡಿ ಮೇಲಿನ ಕೊನೆ ಪೆಟ್ಟಾಗದೆ ಕೆಳಗೆ ಬರಬೇಕು' ಅಂತ ಬರೆದ್ರೆ ಎರಡೂ ಉಳಿಯುತ್ತೆ. ಪ್ರಶ್ನೆ ಬರೆಯೋದರಲ್ಲೇ ಅರ್ಧ ಮೌಲ್ಯಮಾಪನ ಮುಗಿದಿರುತ್ತೆ.

*

ಅಲ್ಲಾ ಮಾರಾಯ, ಪ್ರಾಜೆಕ್ಟ್ ಇದೆಯಲ್ಲ, ಅದರಲ್ಲಿ ಡಿಸೈನ್ ನೋಡ್ತಾರಲ್ಲ ಅಂತೀರಾ? ಇದೆ. ಅದರ ಕಥೆ ನಿಮಗೂ ಗೊತ್ತು, ನನಗೂ ಗೊತ್ತು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಪ್ರಾಜೆಕ್ಟು, ರಿಪೋರ್ಟು, ಪಿಪಿಟಿ, ಕೊನೆಗೆ ವೈವಾದಲ್ಲಿ ಕೇಳೋ ಪ್ರಶ್ನೆಗಳ ಪಟ್ಟಿ ಸಮೇತ ಕೊಡೋ ಅಂಗಡಿಗಳಿವೆ. ಮೌಲ್ಯಮಾಪನಕ್ಕೆ ಬಂದವರು ನೋಡೋದು ಏನನ್ನ? ರಿಪೋರ್ಟಿನ ಬೈಂಡಿಂಗ್ ಸರಿ ಇದೆಯಾ, ಮಾರ್ಜಿನ್ ಸರಿ ಇದೆಯಾ, ಡೆಮೋ ಓಡುತ್ತಾ. ಈಗಂತೂ ಚಾಟ್‌ಜಿಪಿಟಿ ಬಂದಮೇಲೆ ಅಂಗಡಿಗೆ ಹೋಗೋ ಖರ್ಚೂ ಉಳೀತು. ಚೆಂದದ ರಿಪೋರ್ಟು ಅನ್ನೋದು ಇವತ್ತು ಯಾವುದಕ್ಕೂ ಸಾಕ್ಷಿ ಅಲ್ಲ.

ನಕಲು ಅನ್ನೋದನ್ನ ಬರೀ ಸೋಮಾರಿತನ ಅಂತ ತಳ್ಳಿಹಾಕೋದಕ್ಕೂ ಆಗೋದಿಲ್ಲ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಅನ್ನೋ ಇಬ್ಬರು ಒಂದು ಪ್ರಯೋಗದ ಬಗ್ಗೆ ಬರೆದ್ರು. ವಿದ್ಯಾರ್ಥಿಗಳನ್ನ ಎರಡು ಗುಂಪು ಮಾಡಿ ಚೆಲ್ಲದ ಕಾಫಿ ಲೋಟದಂಥ ವಸ್ತುಗಳನ್ನ ಡಿಸೈನ್ ಮಾಡೋದಕ್ಕೆ ಹೇಳಿದ್ರು. ಒಂದು ಗುಂಪಿಗೆ ಮಾತ್ರ ಮೊದಲೇ ಒಂದು ಮಾದರಿ ತೋರಿಸಿದ್ರು. ಆ ಮಾದರಿಯಲ್ಲಿ ಬೇಕಂತಲೇ ದೋಷಗಳಿದ್ದವು. ಮಾದರಿ ನೋಡಿದವರ ಡಿಸೈನಿನಲ್ಲಿ ಆ ದೋಷಗಳೇ ಮತ್ತೆ ಮತ್ತೆ ಬಂದವು, ಲೋಟದಲ್ಲಿ ಸ್ಟ್ರಾ ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ರೂ! ಹಿಂದಿನ ಬ್ಯಾಚಿನ ರಿಪೋರ್ಟನ್ನ ಮುಂದೆ ಇಟ್ಟುಕೊಂಡು ಪ್ರಾಜೆಕ್ಟ್ ಮಾಡೋ ನಮ್ಮ ಪದ್ಧತಿಯಲ್ಲಿ ಒಳ್ಳೆ ಹುಡುಗರೂ ಹಳೇ ತಪ್ಪನ್ನೇ ಮಾಡ್ತಾರೆ, ತಾವು ನಕಲು ಮಾಡ್ತಾ ಇದ್ದೀವಿ ಅನ್ನೋ ಅರಿವೂ ಇಲ್ಲದೆ.

ನಮ್ಮ ಸಾಫ್ಟ್‌ವೇರ್ ಲೋಕದ್ದೂ ಒಂದು ಮಾತು. ಹೊಸಬರನ್ನ ತಗೊಳ್ಳೋ ಇಂಟರ್‌ವ್ಯೂಗಳಲ್ಲಿ ನಾನೂ ಕೂರ್ತೀನಿ. ಕೆಲವು ಸಲ ಒಂದು ಪ್ರಶ್ನೆ ಕೇಳ್ತಿದ್ದೆ: ಸಿಗಂದೂರಿಗೆ ಹೋಗೋ ಹೊಳೆಬಾಗಿಲು ಲಾಂಚಿಗೆ ವಾಹನಗಳ ಸರತಿ ನೋಡಿಕೊಳ್ಳೋ ವ್ಯವಸ್ಥೆ ಮಾಡು. (2025ರ ಜುಲೈಯಲ್ಲಿ ಸೇತುವೆ ಉದ್ಘಾಟನೆ ಆಯ್ತು, ನನ್ನ ಪ್ರಶ್ನೆಗೆ ಅಲ್ಲಿಗೆ ಮುಕ್ತಿ.) ಲಾಂಚು ಅಂದ್ರೆ ಏನು ಅಂತ ವಿವರಿಸಿಯೇ ಕೇಳ್ತಿದ್ದೆ. ಮುಕ್ಕಾಲು ಪಾಲು ಹುಡುಗರು ಅರ್ಧ ನಿಮಿಷದೊಳಗೆ ಬೋರ್ಡಿನ ಮೇಲೆ ಕ್ಲೌಡು, ಮೈಕ್ರೋಸರ್ವಿಸು, ಕಾಫ್ಕಾ ಅಂತ ಡಬ್ಬಿ ಬರೆದು ಬಾಣ ಎಳೀತಿದ್ರು. ಒಂದು ಸಲಕ್ಕೆ ಎಷ್ಟು ಕಾರು ಹಿಡಿಸುತ್ತೆ, ಬೇಸಗೆಯಲ್ಲಿ ನೀರು ಇಳಿದ್ರೆ ಏನಾಗುತ್ತೆ, ಆಂಬುಲೆನ್ಸ್ ಬಂದ್ರೆ, ಸಂಜೆಯ ಕೊನೆ ಟ್ರಿಪ್ಪು ತಪ್ಪಿದವರು ಏನು ಮಾಡಬೇಕು, ಇದ್ಯಾವುದೂ ಇಲ್ಲ. ಒಬ್ಬಳು ಮಾತ್ರ ಪೆನ್ನು ಕೆಳಗಿಟ್ಟು ಕೇಳಿದ್ಲು: 'ಸಾರ್, ಆ ದಡದಲ್ಲಿ ನೆಟ್‌ವರ್ಕ್ ಸಿಗುತ್ತಾ?' ಅವಳ ಮಾರ್ಕ್ಸ್ ಕಾರ್ಡ್ ಸಾಧಾರಣ. ನಾಲ್ಕು ವರ್ಷದಲ್ಲಿ ಎಂಟು ಸೆಮಿಸ್ಟರ್ ಪರೀಕ್ಷೆ ಬರೆದಿದ್ದಾಳೆ, ಆ ಪ್ರಶ್ನೆ ಕೇಳೋ ಗುಣ ಅವಳಲ್ಲಿ ಇದೆ ಅನ್ನೋದು ಒಂದು ಪರೀಕ್ಷೆಗೂ ಗೊತ್ತಾಗಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ.

ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ಆಯ್ತು. ನಮ್ಮ ಮಾನ್ಯತೆ ಪಡೆದ ಇಂಜಿನಿಯರಿಂಗ್ ಪದವಿಗಳನ್ನ ಉಳಿದ ಸದಸ್ಯ ದೇಶಗಳು ಸಮಾನ ಅಂತ ಒಪ್ಪೋದಕ್ಕೆ ಅದು ದಾರಿ. ಮಾನ್ಯತೆ ಕೊಡೋ ಎನ್‌ಬಿಎ ಒಂದು ಪಟ್ಟಿ ಇಟ್ಟಿದೆ, ಪದವೀಧರನಿಗೆ ಏನೇನು ಬರಬೇಕು ಅಂತ. ಅದರಲ್ಲಿ ಮೂರನೆಯದ್ದೇ ಡಿಸೈನ್. ಇದನ್ನ ಕಾಲೇಜುಗಳು ಹೇಗೆ ತೋರಿಸ್ತಾವೆ? ಪ್ರತಿ ವಿಷಯದ ಎದುರು ಎಕ್ಸೆಲ್ಲಿನಲ್ಲಿ 3, 2, 1 ಅಂತ ತುಂಬಿ. ಪ್ರಶ್ನೆಪತ್ರಿಕೆಯಲ್ಲೂ ಈಗ ಪ್ರತಿ ಪ್ರಶ್ನೆಯ ಪಕ್ಕ ಅದು ಬ್ಲೂಮ್ ಏಣಿಯ ಎಷ್ಟನೇ ಮೆಟ್ಟಿಲು ಅಂತ ಅಚ್ಚಾಗಿರುತ್ತೆ. 2001ರಲ್ಲಿ ಪರಿಷ್ಕರಿಸಿದ ಆ ಏಣಿಯ ತುತ್ತತುದಿ 'ಸೃಷ್ಟಿಸು'. ಪಾಪ, ಮೇಷ್ಟ್ರುಗಳು ರಾತ್ರಿ ಕೂತು ಎಕ್ಸೆಲ್ ತುಂಬ್ತಾರೆ. ಆ ಹೊತ್ತಿನಲ್ಲಿ ನಾಲ್ಕು ಹುಡುಗರ ಸ್ಕೆಚ್ ನೋಡಬಹುದಿತ್ತು.

*

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ. 'ಇದೆಲ್ಲ ಒಬ್ಬೊಬ್ಬರ ಅಭಿಪ್ರಾಯ ಆಗಿಬಿಡುತ್ತೆ. ಇವತ್ತು ಒಬ್ಬರು 18 ಕೊಟ್ಟರೆ ನಾಳೆ ಇನ್ನೊಬ್ಬರು 9 ಕೊಡ್ತಾರೆ. ಕೊನೆಗೆ ಜಾತಿ, ಊರು, ಪರಿಚಯ ಎಲ್ಲ ಒಳಗೆ ಬರುತ್ತೆ. ಎಂಸಿಕ್ಯೂ ಆದ್ರೆ ಕನಿಷ್ಠ ನ್ಯಾಯ ಇರುತ್ತೆ.' ಇದು ಹಗುರವಾದ ಮಾತಲ್ಲ. ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗನಿಗೆ ನಂಬರು ಹಾಕಿ ಮುಚ್ಚಿದ ಉತ್ತರಪತ್ರಿಕೆಯೇ ದೊಡ್ಡ ರಕ್ಷಣೆ. ಅದನ್ನ ಕಿತ್ತುಹಾಕಿ ಅಂತ ನಾನು ಹೇಳೋದಿಲ್ಲ.

ಆದ್ರೆ ಸಾಗರದ ಅಡಿಕೆ ಮಾರುಕಟ್ಟೆಗೆ ಒಮ್ಮೆ ಹೋಗಿ ನೋಡಿ. ರಾಶಿ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕ, ಸಿಪ್ಪೆಗೋಟು, ಎಷ್ಟು ಬಗೆ! ನುರಿತವರು ಒಂದು ಹಿಡಿ ತಗೊಂಡು, ಒಂದನ್ನ ಕತ್ತರಿಸಿ ನೋಡಿ ದರ್ಜೆ ಹೇಳ್ತಾರೆ. ಯಾವ ಅಳತೆಗೋಲೂ ಇಲ್ಲ. ಆದ್ರೂ ಬೇರೆ ಬೇರೆಯವರು ಹೇಳೋದು ಬಹುಪಾಲು ಹೊಂದುತ್ತೆ. ಯಾಕೆ? ಈ ರಾಶಿಗೆ ನೂರಕ್ಕೆ ಎಷ್ಟು ಅಂತ ಯಾರೂ ಕೇಳೋದಿಲ್ಲ. ಪಕ್ಕದ ರಾಶಿಗಿಂತ ಮೇಲೋ ಕೆಳಗೋ ಅಂತ ನೋಡ್ತಾರೆ. ಮನುಷ್ಯನಿಗೆ ಒಂದು ವಸ್ತುವಿಗೆ ನಂಬರ್ ಕೊಡೋದು ಕಷ್ಟ, ಎರಡನ್ನ ಪಕ್ಕಪಕ್ಕ ಇಟ್ಟು ಹೋಲಿಸೋದು ಸುಲಭ.

ಇದು ಬರೀ ಮಂಡಿಯ ಜಾಣತನ ಅಲ್ಲ. ಥರ್ಸ್ಟನ್ ಅನ್ನೋ ಮನಶ್ಶಾಸ್ತ್ರಜ್ಞ 1927ರಲ್ಲೇ ಇದಕ್ಕೆ ಗಣಿತ ಬರೆದಿಟ್ಟಿದ್ದಾರೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ರಿಚರ್ಡ್ ಕಿಂಬೆಲ್ ಅವರ ತಂಡ ಇದನ್ನ ಶಾಲಾಮಕ್ಕಳ ಡಿಸೈನ್ ಕೆಲಸ ಅಳೆಯೋದಕ್ಕೆ ಬಳಸಿತು. ಮಕ್ಕಳು ಕೆಲಸ ಮಾಡ್ತಾ ಮಾಡ್ತಾ ಹಂತ ಹಂತವಾಗಿ ಸ್ಕೆಚ್ಚು, ಫೋಟೋ, ಮಾತು ಎಲ್ಲವನ್ನೂ ಕೈಯಲ್ಲಿರೋ ಪುಟ್ಟ ಯಂತ್ರದಲ್ಲಿ ದಾಖಲು ಮಾಡ್ತಾರೆ. ಮೌಲ್ಯಮಾಪಕರ ಮುಂದೆ ಎರಡು ಮಕ್ಕಳ ಕೆಲಸ ಬರುತ್ತೆ, ಯಾವುದು ಉತ್ತಮ ಅಂತ ಮಾತ್ರ ಹೇಳಬೇಕು. ಹೀಗೆ ಹಲವರು ಹಲವು ಜೋಡಿ ನೋಡಿದಮೇಲೆ ಕಂಪ್ಯೂಟರು ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸುತ್ತೆ. ಒಬ್ಬ ಮೌಲ್ಯಮಾಪಕನ ಕೋಪ, ಪಕ್ಷಪಾತ ಹತ್ತು ಜನರ ನಡುವೆ ಕರಗಿಹೋಗುತ್ತೆ. ವಿದ್ಯಾರ್ಥಿಯ ಹೆಸರು, ಕಾಲೇಜು ಕಾಣಿಸೋದೇ ಬೇಡ. ಇಂಥ ಒಂದು ತಂತ್ರಾಂಶ ಬರೆಯೋದು ಇದನ್ನ ಓದ್ತಾ ಇರೋ ನಿಮ್ಮಲ್ಲಿ ಎಷ್ಟೋ ಜನಕ್ಕೆ ಒಂದು ವಾರಾಂತ್ಯದ ಕೆಲಸ.

ಇನ್ನು ಪಕ್ಷಪಾತದ ಮಾತು ಬಂತು ಅಂದ್ರೆ, ಈಗಿರೋ ಪ್ರಾಜೆಕ್ಟ್ ವೈವಾದಲ್ಲಿ ಇಲ್ಲವಾ? ಪಿಪಿಟಿ ಹಾಕಿ ಪಟಪಟ ಇಂಗ್ಲಿಷ್ ಮಾತಾಡಿದವನಿಗೆ ಹೆಚ್ಚು. ತನ್ನ ಕೈಯಾರೆ ವೆಲ್ಡಿಂಗ್ ಮಾಡಿದ, ಯಾಕೆ ಹಾಗೆ ಮಾಡಿದೆ ಅಂತ ಕನ್ನಡದಲ್ಲಿ ಕೇಳಿದ್ರೆ ಅರ್ಧ ಗಂಟೆ ಹೇಳಬಲ್ಲ ತೀರ್ಥಹಳ್ಳಿ ಕಡೆಯ ಹುಡುಗ 'ಯೆಸ್ ಸಾರ್, ನೋ ಸಾರ್' ಅಂತ ನಿಂತಿರ್ತಾನೆ. ಅಳೀತಾ ಇರೋದು ಡಿಸೈನೋ ಇಂಗ್ಲಿಷೋ? 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋದಕ್ಕೆ ಅವಕಾಶ ಕೊಟ್ಟಿತು. ಇಡೀ ಕೋರ್ಸು ಕನ್ನಡದಲ್ಲಿ ಬೇಕೋ ಬೇಡವೋ ಅನ್ನೋ ಜಗಳ ಆಮೇಲೆ ಆಡೋಣ. ಡಿಸೈನ್ ವೈವಾ ಒಂದನ್ನ ಕನ್ನಡದಲ್ಲಿ ಮಾಡೋದಕ್ಕೆ ಪುಸ್ತಕ ಬೇಡ, ಪಾರಿಭಾಷಿಕ ಪದಕೋಶವೂ ಬೇಡ. ಎದುರು ಕೂತವರಿಗೆ ಮನಸ್ಸಿದ್ರೆ ಸಾಕು.

ಸುಮ್ಮನೆ ಗೊಣಗಿ ಹೋಗೋದು ಬೇಡ ಅಂತ ನನಗೆ ತೋಚಿದ್ದನ್ನ ಪಟ್ಟಿ ಮಾಡ್ತೀನಿ.

ಒಂದು, ಈಗಿರೋ ಥಿಯರಿ ಪೇಪರಿನಲ್ಲೇ ಒಂದು ಪ್ರಶ್ನೆಯಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಕೊಡಬೇಡಿ. ಲೋಹವನ್ನೂ ಕೊಡಬೇಡಿ. ಅವರೇ ಆರಿಸಲಿ, ಆರಿಸಿದ್ದಕ್ಕೆ ಕಾರಣ ಬರೀಲಿ, ಅರ್ಧ ಮಾರ್ಕ್ಸು ಅದಕ್ಕಿರಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡು, ಪ್ರಾಜೆಕ್ಟಿಗೆ ರಿಪೋರ್ಟಿನ ಜೊತೆ ಒಂದು ನೋಟ್‌ಬುಕ್ಕು ಕಡ್ಡಾಯ ಮಾಡಿ. ಕೈಬರಹ, ತಾರೀಖು ಸಮೇತ. ಬಿಟ್ಟ ಯೋಚನೆಗಳು, ಕೆಟ್ಟ ಸ್ಕೆಚ್ಚುಗಳು, ಮುರಿದ ತುಂಡಿನ ಫೋಟೋ ಎಲ್ಲ ಅದರಲ್ಲಿರಲಿ. ತಿಂಗಳಿಗೊಮ್ಮೆ ಗೈಡ್ ನೋಡಿ ಸಹಿ ಹಾಕಲಿ. ಅಂಗಡಿಯಲ್ಲಿ ರಿಪೋರ್ಟು ಸಿಗಬಹುದು, ಆರು ತಿಂಗಳ ಕೊಳಕು ನೋಟ್‌ಬುಕ್ಕು ಅಷ್ಟು ಸುಲಭಕ್ಕೆ ಸಿಗೋದಿಲ್ಲ.

ಮೂರು, ಪ್ರಾಜೆಕ್ಟಿನ ನಡುವೆ ಒಂದು ಷರತ್ತು ಬದಲಾಯಿಸಿ. 'ಹಸಿ ಅಡಿಕೆ ಅಂದಿದ್ದೆ, ಈಗ ಒಣ ಅಡಿಕೆ. ಏನೇನು ಬದಲಾಗುತ್ತೆ ಹೇಳು.' ಮತ್ತೆ ಕಟ್ಟಬೇಕಾಗಿಲ್ಲ, ಹೇಳಿದ್ರೆ ಸಾಕು. ತಾನೇ ಮಾಡಿದವನಿಗೆ ಎಲ್ಲಿ ಕೈಹಾಕಬೇಕು ಅಂತ ತಕ್ಷಣ ಗೊತ್ತಾಗುತ್ತೆ. ಕೊಂಡು ತಂದವನು ಸೀಲಿಂಗ್ ನೋಡ್ತಾನೆ.

ನಾಲ್ಕು, ಮೌಲ್ಯಮಾಪನಕ್ಕೆ ಬಳಸೋರನ್ನ ಕರೀರಿ. ಅಡಿಕೆ ಮೆಷಿನ್ ಆದ್ರೆ ಹೊಸನಗರದ ಒಬ್ಬ ಬೆಳೆಗಾರರು, ಜೊತೆಗೆ ಸುಲಿಯೋ ಕೆಲಸ ಮಾಡೋ ಒಬ್ಬ ಹೆಂಗಸು. ಅವರಿಗೆ ಮಾರ್ಕ್ಸ್ ಹಾಕೋ ಹಕ್ಕು ಇಲ್ಲದಿದ್ರೂ ಪ್ರಶ್ನೆ ಕೇಳೋ ಹಕ್ಕಿರಲಿ. ಉತ್ತರ ಕೇಳಿ ಮೇಷ್ಟ್ರು ಮಾರ್ಕ್ಸ್ ಹಾಕಲಿ.

ಇವೆಲ್ಲ ಎಲ್ಲೂ ಇಲ್ಲದ್ದಲ್ಲ. ಹುಬ್ಬಳ್ಳಿಯ ಬಿವಿಬಿ, ಅಂದ್ರೆ ಈಗಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಮೊದಲ ವರ್ಷಕ್ಕೇ ಮಕ್ಕಳ ಕೈಲಿ ಏನಾದ್ರೂ ಕಟ್ಟಿಸೋ 'ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್' ಅನ್ನೋ ಕೋರ್ಸ್ ಮಾಡಿದ್ರು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರೋ ಕೆಎಸ್‌ಸಿಎಸ್‌ಟಿ ದಶಕಗಳಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಟ್ಟು, ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸ್ತಾ ಬಂದಿದೆ. ಮೇಷ್ಟ್ರುಗಳಿಗೆ ಸಮಯ ಬೇಕು ಅನ್ನೋದು ನಿಜ. ಅರವತ್ತು ಮಕ್ಕಳ ನೋಟ್‌ಬುಕ್ ನೋಡೋದು ಎಂಸಿಕ್ಯೂ ಸ್ಕ್ಯಾನ್ ಮಾಡಿದ ಹಾಗಲ್ಲ. ಅದಕ್ಕೆ ಎರಡು ಥಿಯರಿ ವಿಷಯ ಕಡಿಮೆ ಮಾಡಬೇಕಾದ್ರೆ ಮಾಡಿ ಅಂತೀನಿ ನಾನು.

ಲಿಂಗನಮಕ್ಕಿಯ ಹಿನ್ನೀರಿನ ಕೆಳಗೆ ಒಂದು ಹಳೇ ಅಣೆಕಟ್ಟಿದೆ, ಮಡೆನೂರಿನ ಹಿರೇಭಾಸ್ಕರ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಆದಮೇಲೆ ಮುಳುಗಿಹೋಯ್ತು. ಮಳೆ ಕಡಿಮೆಯಾಗಿ ನೀರು ತುಂಬಾ ಇಳಿದ ಬೇಸಗೆಯಲ್ಲಿ ಮೇಲೆ ಕಾಣುತ್ತೆ. ಅದರಲ್ಲಿ ಗೇಟಿನ ಬದಲು ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ಸೈಫನ್‌ಗಳಿದ್ದವು. ನೀರು ತುಂಬಿ ಅಂಚು ದಾಟಿದ ಕೂಡಲೇ ಸುರುಳಿ ಸುತ್ತುತ್ತಾ ಕೊಳವೆಗೆ ಇಳಿದು, ಒಳಗಿನ ಗಾಳಿಯನ್ನ ಎಳಕೊಂಡು ಹೋಗಿ, ತಾನಾಗಿ ಪೂರ್ತಿ ಹರಿಯೋದಕ್ಕೆ ಶುರು. ಮಟ್ಟ ಇಳಿದಾಗ ಗಾಳಿ ಒಳಗೆ ನುಗ್ಗಿ ತಾನಾಗಿ ನಿಲ್ಲುತ್ತೆ. ಆ ಮಲೆನಾಡಿನ ಮಳೆಯಲ್ಲಿ, ನಡುರಾತ್ರಿ, ಗೇಟು ಎತ್ತೋದಕ್ಕೆ ಯಾರೂ ಓಡಬೇಕಾಗಿಲ್ಲ. 'ರಾತ್ರಿ ಆ ಗೇಟು ಎತ್ತೋರು ಯಾರು?' ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ನೋಡಿಲ್ಲ.

ಅಂಥ ಪ್ರಶ್ನೆ ಕೇಳೋ ಮಕ್ಕಳು ಈಗಲೂ ಸಾಗರದ, ಹೊಸನಗರದ, ತೀರ್ಥಹಳ್ಳಿಯ ಬಸ್ಸು ಹತ್ತಿ ಕಾಲೇಜಿಗೆ ಹೋಗ್ತಾ ಇದ್ದಾರೆ. ಸಣ್ಣವರಿದ್ದಾಗ ಪಂಪು ಬಿಚ್ಚಿ ಜೋಡಿಸಿದವರು, ದಬ್ಬೆಯಲ್ಲಿ ತೋಟಕ್ಕೆ ನೀರು ತಂದವರು. ನಾಲ್ಕು ವರ್ಷ ಅದನ್ನ ಯಾರೂ ಲೆಕ್ಕಕ್ಕೇ ತಗೊಳ್ಳದೇ ಇದ್ರೆ, ಅದು ಇಂಜಿನಿಯರಿಂಗೇ ಅಲ್ಲ ಅಂತ ಅವರೂ ನಂಬಿಬಿಡ್ತಾರೆ. ಯಾವುದಕ್ಕೆ ಮಾರ್ಕ್ಸ್ ಇದೆಯೋ ಅದನ್ನೇ ತಾನೇ ಎಲ್ಲರೂ ಕಲಿಯೋದು?

ನಿಮ್ಮಲ್ಲಿ ಪಾಠ ಮಾಡೋರು ಕೆಲವರಿದ್ದೀರಿ ಅಂತ ಗೊತ್ತು. ಮುಂದಿನ ಇಂಟರ್ನಲ್ಸಿನಲ್ಲಿ ಆ ಒಂದು ಪ್ರಶ್ನೆ ಇಟ್ಟು ನೋಡಿ. ಹುಡುಗರು ಏನು ಬರೆದ್ರು ಅಂತ ನನಗೂ ತಿಳಿಸಿ, ಕುತೂಹಲ ಇದೆ.